ನೀರಿಗೂ ಲೋಹಕ್ಕೂ ನಡುವಿನ ಪೊರೆ

ನಾವು ದಿನವೂ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕುದಿಸುತ್ತೇವೆ, ಪಾತ್ರೆಗೆ ಏನೂ ಆಗುವುದಿಲ್ಲ. ಹಾಗೆಂದು ಅಲ್ಯೂಮಿನಿಯಂ ಸೌಮ್ಯ ಲೋಹವೇನಲ್ಲ. ನೀರಿನಿಂದ ಆಕ್ಸಿಜನ್ ಕಸಿದುಕೊಂಡು ಹೈಡ್ರೋಜನ್ ಹೊರಹಾಕುವ ಶಕ್ತಿ ಅದಕ್ಕೆ ಧಾರಾಳವಾಗಿದೆ. ಅದನ್ನು ತಡೆದಿರುವುದು ಗಾಳಿ ತಾಗಿದ ಕೂಡಲೇ ಮೈಮೇಲೆ ಕಟ್ಟುವ, ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ. ಪಾದರಸ ಸೋಕಿದರೆ ಆ ಪೊರೆ ನಿಲ್ಲುವುದಿಲ್ಲ, ಲೋಹ ತೇವದ ಗಾಳಿಯಲ್ಲೇ ಪುಡಿಯಾಗತೊಡಗುತ್ತದೆ. ಅಲ್ಯೂಮಿನಿಯಂ ಮೈಯ ವಿಮಾನಗಳಲ್ಲಿ ಪಾದರಸ ಒಯ್ಯಲು ಬಿಗಿ ನಿರ್ಬಂಧವಿರುವುದು ಇದಕ್ಕೇ.

ಚಿನ್ನಕ್ಕೆ ಇಂಥ ಕಾವಲು ಬೇಡ, ನೀರಿನೊಡನೆ ಅದಕ್ಕೆ ವ್ಯವಹಾರವೇ ಇಲ್ಲ. ಕಬ್ಬಿಣ ತಣ್ಣೀರಿನಲ್ಲಿ ಗಾಳಿಯ ನೆರವಿನಿಂದ ನಿಧಾನವಾಗಿ ತುಕ್ಕು ಹಿಡಿಯುತ್ತದೆ. ಕೆಂಪಗೆ ಕಾದರೆ ಮಾತ್ರ ಹಬೆಯನ್ನೇ ಒಡೆಯುತ್ತದೆ. 1780ರ ದಶಕದಲ್ಲಿ ಲವಾಸಿಯೆ ಕಾದ ಬಂದೂಕಿನ ನಳಿಗೆಯಲ್ಲಿ ಹಬೆ ಹಾಯಿಸಿ ಹೈಡ್ರೋಜನ್ ಪಡೆದು, ನೀರು ಮೂಲವಸ್ತುವಲ್ಲ ಎಂದು ತೋರಿಸಿದ. ರಸಾಯನಶಾಸ್ತ್ರದ ಅತ್ಯಂತ ಸುಂದರ ಪ್ರಯೋಗಗಳಲ್ಲಿ ಇದೊಂದು ಎಂದೇ ನನ್ನ ಭಾವನೆ.

ಸೋಡಿಯಂ, ಪೊಟ್ಯಾಸಿಯಂಗಳ ಕಥೆ ಬೇರೆ. ನೀರಿನೊಡನೆ ಸೇರಿ ಅವು ಉಂಟುಮಾಡುವ ಹೈಡ್ರಾಕ್ಸೈಡ್ ನೀರಿನಲ್ಲೇ ಕರಗಿಹೋಗುತ್ತದೆ, ಪೊರೆ ಕಟ್ಟುವುದೇ ಇಲ್ಲ. ಹುಟ್ಟಿದ ಶಾಖಕ್ಕೆ ಹೈಡ್ರೋಜನ್ ಹೊತ್ತಿಕೊಂಡು ಸಿಡಿಯುತ್ತದೆ ಎಂದು ಪಾಠಗಳಲ್ಲಿ ಓದುತ್ತೇವೆ. ಆದರೆ ಅಲ್ಲೊಂದು ತೊಡಕಿದೆ. ಲೋಹದ ಸುತ್ತ ಹೈಡ್ರೋಜನ್ ಮತ್ತು ಹಬೆ ತುಂಬಿಕೊಂಡರೆ ಅದೇ ಪೊರೆಯಾಗಿ ನೀರನ್ನು ದೂರವಿಡಬೇಕಲ್ಲವೇ? ಕ್ರಿಯೆ ತಣ್ಣಗಾಗುವ ಬದಲು ಭುಗಿಲೇಳುವುದು ಹೇಗೆ?

ಉತ್ತರ ಸಿಕ್ಕಿದ್ದು 2015ರಲ್ಲಿ. ಪ್ರಾಗ್‌ನ ಪಾವೆಲ್ ಯುಂಗ್‌ವಿರ್ಟ್ ಮತ್ತು ಸಂಗಡಿಗರು ಸೋಡಿಯಂ-ಪೊಟ್ಯಾಸಿಯಂ ಮಿಶ್ರಲೋಹದ ಹನಿಯನ್ನು ನೀರಿಗೆ ಬೀಳಿಸಿ ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು. ಒಂದು ಮಿಲಿಸೆಕೆಂಡು ಕಳೆಯುವ ಮೊದಲೇ ಹನಿಯ ಮೈಯಿಂದ ಲೋಹದ ಮುಳ್ಳುಗಳು ಚಾಚಿಕೊಂಡವು. ಮೇಲ್ಮೈಯ ಎಲೆಕ್ಟ್ರಾನುಗಳು ನೀರಿಗೆ ಹಾರಿಬಿಡುತ್ತವೆ, ಹಿಂದುಳಿದ ಧನಾವೇಶದ ಅಯಾನುಗಳು ಒಂದನ್ನೊಂದು ತಳ್ಳಿ ಹನಿಯನ್ನೇ ಸೀಳುತ್ತವೆ. ಅನಿಲ ಮುಸುಕುವ ಮುನ್ನವೇ ಹೊಸ ಮೈ ನೀರಿಗೆ ಒಡ್ಡಿಕೊಳ್ಳುವುದರಿಂದ ಕ್ರಿಯೆ ಓಡುತ್ತದೆ. ಹೈಡ್ರೋಜನ್ ಹೊತ್ತುವುದು ಆಮೇಲಿನ ಮಾತು.

ಪೊರೆಯನ್ನು ನಂಬಿ ಮನುಷ್ಯ ಕಟ್ಟಿದ ದೊಡ್ಡ ಯಂತ್ರವೆಂದರೆ ಪರಮಾಣು ರಿಯಾಕ್ಟರ್. ನಮ್ಮ ಕೈಗಾದಲ್ಲೂ ಯುರೇನಿಯಂ ಇಂಧನವಿರುವುದು ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಲ್ಲಿ. ಎಂದಿನ ಬಿಸಿಯಲ್ಲಿ ಅದರ ಆಕ್ಸೈಡ್ ಪೊರೆ ನೀರನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ತಾಪ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ತಡೆ ಸಾಲದು. ಕೊಳವೆ ಹಬೆಯಿಂದ ಆಕ್ಸಿಜನ್ ಸೆಳೆಯುತ್ತದೆ, ಅದರ ಶಾಖ ಕ್ರಿಯೆಯನ್ನು ಮತ್ತಷ್ಟು ಕೆರಳಿಸುತ್ತದೆ. 2011ರ ಮಾರ್ಚ್‌ನಲ್ಲಿ ಸುನಾಮಿಯಿಂದ ವಿದ್ಯುತ್ ಕಡಿದು ಫುಕುಶಿಮಾದ ರಿಯಾಕ್ಟರುಗಳಿಗೆ ತಂಪು ತಪ್ಪಿದಾಗ ಆದದ್ದು ಇದೇ. ಮಾರ್ಚ್ 12ರಂದು ಒಂದನೆಯ ಘಟಕದ ಮೇಲ್ಭಾಗವನ್ನು ಹಾರಿಸಿದ್ದು ಹೀಗೆ ಹುಟ್ಟಿದ ಹೈಡ್ರೋಜನ್. ಅಲ್ಲಿಂದೀಚೆಗೆ ಹಲವು ದೇಶಗಳು ಈ ಕೊಳವೆಗಳಿಗೆ ಕ್ರೋಮಿಯಂನ ತೆಳು ಲೇಪ ಕೊಟ್ಟು, ಅದು ಹಬೆಯನ್ನು ಎಷ್ಟು ಹೊತ್ತು ತಡೆದೀತೆಂದು ಪರೀಕ್ಷಿಸುತ್ತಿವೆ.