ಖಾಲಿ ಕುಂತಾಗ ಹೆಣೆದದ್ದು

ಮಧ್ಯಾಹ್ನ ಎರಡೂವರೆ. ಕೊಪ್ಪಳದ ಕೋಟೆ ಗುಡ್ಡದ ಕೆಳಗಿನ ಓಣಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತು ಬಹಳ ಹೊತ್ತಾಗಿದೆ. ತೊಳೆದ ಭಾಂಡೆ ಕಟ್ಟೆಯ ಮೇಲೆ ಬೋರಲು ಬಿದ್ದಿವೆ. ಶಾಲೆ ಬಿಡಲು ಇನ್ನೂ ಎರಡು ತಾಸು ಇದೆ. ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದು ನೆರಳಿದ್ದ ಕಡೆಯ ಕಟ್ಟೆ ಹಿಡಿಯುತ್ತಾರೆ. ಒಬ್ಬಾಕೆಯ ಮುಂದೆ ಮೊರದ ತುಂಬ ಶೇಂಗಾ, ಇನ್ನೊಬ್ಬಾಕೆಯ ತೊಡೆಯ ಮೇಲೆ ಬತ್ತಿ ಹೊಸೆಯುವ ಹತ್ತಿ. ಮೂರನೆಯಾಕೆ ಬಟ್ಟೆ ಅಂಗಡಿಯ ಹಳೆಯ ಕೈಚೀಲದಿಂದ ಗುಲಾಬಿ ಬಣ್ಣದ ಒಂದು ಉಂಡೆ ತೆಗೆಯುತ್ತಾಳೆ. ಚೀಲದ ತಳದಲ್ಲಿ ಗೇಣುದ್ದದ ಉಕ್ಕಿನ ಸೂಜಿ ಇದೆ. ಅದರ ತುದಿ ಚೂಪಾಗಿಲ್ಲ, ಕೊಕ್ಕೆಯಾಗಿ ಬಾಗಿದೆ.

"ಏನ್ ಹೆಣಿಯಾಕತ್ತೀಯವಾ?"

"ಟೊಪಗಿರೀ ಅತ್ತಿ. ನಮ್ಮ ನಾದಿನಿ ಕೂಸಿಗೆ."

"ಯಾವಾಗ ಮುಗಸ್ತೀ?"

"ನೋಡೂಣ್ರೀ. ಖಾಲಿ ಕುಂತಾಗ ಒಂದೀಟು ಹಾಕ್ತೀನಿ."

ಎಡಗೈಯ ತೋರುಬೆರಳಿಗೆ ದಾರ ಒಂದು ಸುತ್ತು ಬಿದ್ದಿದೆ. ಬಲಗೈಯ ಕೊಕ್ಕೆ ಕುಣಿಕೆಯೊಳಗೆ ಹೊಕ್ಕು, ದಾರ ಹಿಡಿದು ಹೊರಬರುತ್ತದೆ. ಮತ್ತೆ ಹೊಗುತ್ತದೆ, ಮತ್ತೆ ಹೊರಬರುತ್ತದೆ. ಕಣ್ಣು ಓಣಿಯ ಮೇಲಿದೆ, ಬಾಯಿ ಮಾತಿನಲ್ಲಿದೆ, ಲೆಕ್ಕ ಮಾತ್ರ ಬೆರಳಿನಲ್ಲಿ. ಆರು ಚೈನಿನಿಂದ ಶುರುವಾದ ಚಿಕ್ಕ ಉಂಗುರ ಸುತ್ತಿಗೊಮ್ಮೆ ಹಿಗ್ಗಿ, ಮಾತಿನ ನಡುವೆಯೇ ನೆತ್ತಿಯಾಗುತ್ತದೆ. ಅಷ್ಟರಲ್ಲಿ ಯಾರೋ "ನೀರು ಬಂತು" ಎಂದು ಕೂಗುತ್ತಾರೆ. ಆಕೆ ಕೊನೆಯ ಕುಣಿಕೆಯನ್ನು ತುಸು ಉದ್ದ ಎಳೆದು, ಸೂಜಿ ಅಲ್ಲೇ ಸಿಕ್ಕಿಸಿ, ಕೊಡ ಹಿಡಿದು ಎದ್ದುಬಿಡುತ್ತಾಳೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮನೆಗಳಲ್ಲಿ ಎರಡು ಕಡ್ಡಿಯ ಹೆಣಿಗೆಗಿಂತ ಈ ಕೊಕ್ಕೆ ಸೂಜಿಯ ಕ್ರೋಶಾ ಹೆಚ್ಚು ಕಣ್ಣಿಗೆ ಬೀಳುವುದು ಯಾಕೆ ಎಂಬುದಕ್ಕೆ ಆಕೆ ಎದ್ದ ರೀತಿಯೇ ಉತ್ತರ. ಕಡ್ಡಿಯ ಹೆಣಿಗೆಯಲ್ಲಿ ಸೀದಾ-ಉಲ್ಟಾ ಎಂದು ಸಾಲು ಏರುವಾಗ ನೂರಾರು ಕುಣಿಕೆಗಳು ಒಟ್ಟಿಗೆ ಕಡ್ಡಿಯ ಮೇಲೆ ಕೂತಿರುತ್ತವೆ. ಒಂದು ಜಾರಿದರೂ ಅದರ ಕೆಳಗಿನದೂ ಬಿಚ್ಚುತ್ತಾ ಹೋಗುತ್ತದೆ. ಸಾಲಿನ ನಡುವೆ ಬಿಟ್ಟು ಏಳುವುದು ಸುಲಭವಲ್ಲ. ಕ್ರೋಶಾದಲ್ಲಿ ಜೀವ ಇರುವುದು ಒಂದೇ ಕುಣಿಕೆಯಲ್ಲಿ. ಅದೊಂದನ್ನು ಕಾಪಾಡಿಕೊಂಡರೆ ಯಾವ ಗಳಿಗೆಯಲ್ಲೂ ಬಿಟ್ಟು ಏಳಬಹುದು, ಕುಕ್ಕರ್ ಸೀಟಿ ಹೊಡೆದರೂ, ಕೂಸು ಅತ್ತರೂ, ಮಾವ ಚಹಾ ಕೇಳಿದರೂ. ಹತ್ತು ನಿಮಿಷ ಇಲ್ಲಿ, ಕಾಲು ತಾಸು ಅಲ್ಲಿ ಎಂದು ತುಂಡುತುಂಡಾಗಿ ಸಿಗುವ ಹೊತ್ತಿಗೆ ಹೇಳಿ ಮಾಡಿಸಿದ ಕಸುಬು ಇದು.

ದಾರದ ಅಂಗಡಿ ನೋಡಬೇಕಾದರೆ ಗಂಗಾವತಿಯ ಬಜಾರಿಗೆ ಹೋಗಬೇಕು. ಬಳೆ, ಪಿನ್ನು, ಲೇಸು, ಫಾಲ್ಸ್ ಮಾರುವ ಅಂಗಡಿಯ ಹಿಂಗೋಡೆಯ ತುಂಬ ಪ್ಲಾಸ್ಟಿಕ್ ಹೊದ್ದ ಲಡಿಗಳು. ಅರಿಸಿನ, ಗಿಣಿ ಹಸಿರು, ರಾಣಿ ಬಣ್ಣ, ಕಲಸಿದ ಬಣ್ಣ. ಬಾಗಿಲ ತೋರಣ, ಟೇಬಲ್ ಕ್ಲಾತಿಗೆ ಬೇಕಾದ ಹತ್ತಿ ದಾರದ ಉಂಡೆಗಳು ಬೇರೆ ಡಬ್ಬಿಯಲ್ಲಿ. ಕೊಳ್ಳಲು ಬಂದ ಹುಡುಗಿ ಮೊಬೈಲ್ ತೆರೆದು ಯೂಟ್ಯೂಬ್ ಚಿತ್ರ ತೋರಿಸುತ್ತಾಳೆ, ಪಕ್ಕದಲ್ಲಿದ್ದ ಅವಳ ಅವ್ವ ದಾರವನ್ನು ಕೆನ್ನೆಗೆ ಒತ್ತಿ ನೋಡುತ್ತಾಳೆ. ಕೂಸಿನ ಮೈಗೆ ಚುಚ್ಚುತ್ತದೋ ಇಲ್ಲವೋ ತಿಳಿಯಲು ಕೆನ್ನೆಗಿಂತ ಒಳ್ಳೆಯ ಒರೆಗಲ್ಲು ಇಲ್ಲ.

ಅಂಗಡಿಯವರು ಇದನ್ನು 'ಉಲನ್' ಎನ್ನುತ್ತಾರೆ. ಆದರೆ ಹೆಚ್ಚಿನ ಲಡಿಗಳು ಅಕ್ರಿಲಿಕ್, ಅಂದರೆ ಪೆಟ್ರೋಲಿಯಂ ಮೂಲದ ನೂಲು. ಇಂಥ ನೂಲಿನ ದೊಡ್ಡ ತವರು ಪಂಜಾಬಿನ ಲೂಧಿಯಾನ. ಕುರಿಗೆ ಬರವಿಲ್ಲದ ಸೀಮೆಯಲ್ಲಿ ಉಣ್ಣೆಗೆ ಬದಲಾಗಿ ಅಷ್ಟು ದೂರದ ನೂಲು ಬಂದದ್ದಕ್ಕೆ ಕಾರಣವಿದೆ. ರಾಯಚೂರು-ಕೊಪ್ಪಳ ಭಾಗದ ಕೆಂಗುರಿ ಕುರಿಯನ್ನು ಸಾಕುವುದು ಮಾಂಸಕ್ಕಾಗಿ, ಅದರ ಕೆಂಪು ಮೈಯಲ್ಲಿ ನೂಲುವಷ್ಟು ಉಣ್ಣೆ ಇಲ್ಲ. ಡೆಕ್ಕನಿ ಕುರಿಯ ಕರಿ ಉಣ್ಣೆ ಒರಟು. ಹಾಲುಮತದವರು ಅದನ್ನು ನೂತು, ಹುಣಸೆ ಬೀಜದ ಸರಿ ಹಚ್ಚಿ, ಕುಣಿಮಗ್ಗದಲ್ಲಿ ನೇಯ್ದ ಕಂಬಳಿ ಮಳೆ ತಡೆಯುತ್ತದೆ, ಹಾಸಲಿಕ್ಕೆ ಹೊದೆಯಲಿಕ್ಕೆ ಬರುತ್ತದೆ, ದೇವರ ಗದ್ದುಗೆಗೂ ಸಲ್ಲುತ್ತದೆ. ಎಳೆಗೂಸಿನ ಕಿವಿಗೆ ಮಾತ್ರ ಅದು ಒಗ್ಗದು. ಹೀಗೆ ಕಂಬಳಿ ತನ್ನ ಜಾಗದಲ್ಲಿ ಉಳಿಯಿತು, ಟೊಪ್ಪಿಗೆ-ಸ್ವೆಟರಿನ ಜಾಗಕ್ಕೆ ಲೂಧಿಯಾನದ ಲಡಿ ಬಂದು ಕೂತಿತು.

ಕಸುಬೂ ಹೊರಗಿನಿಂದಲೇ ಬಂದದ್ದು. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡದಲ್ಲಿ, ಎರಡು ವರ್ಷದ ನಂತರ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗಿನ ಬೆಟಗೇರಿಯಲ್ಲಿ ನೆಲೆ ಮಾಡಿದರು. ಮಿಷನ್ನಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಅಕ್ಷರದ ಜೊತೆಗೆ ಸೂಜಿ-ದಾರದ ಕೆಲಸವೂ ಪಾಠವಾಗಿತ್ತು. ಆಂಧ್ರದ ಗೋದಾವರಿ ತೀರದ ನರಸಾಪುರಕ್ಕೂ ಕ್ರೋಶಾ ಲೇಸನ್ನು ಕಲಿಸಿಕೊಟ್ಟವರು ಮಿಷನರಿಗಳೇ. ಅಲ್ಲಿ ಅದು ಹೊರದೇಶಕ್ಕೆ ಹೋಗುವ ಸರಕಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ನರಸಾಪುರದ ಲೇಸು ಹೆಣೆಯುವವರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಲೋಕದ ಮಾರುಕಟ್ಟೆಗೆ ದುಡಿಯುವ ಈ ಹೆಂಗಸರನ್ನು ಮನೆಯಲ್ಲಿ ಸುಮ್ಮನೆ ಕೂತ ಗೃಹಿಣಿಯರೆಂದು ಎಣಿಸುವುದರಿಂದಲೇ ಅವರಿಗೆ ಅಷ್ಟು ಕಡಿಮೆ ಕೂಲಿ ಕೊಟ್ಟು ಸಾಗುತ್ತದೆ ಎಂಬುದು ಮೀಸ್ ಕಂಡ ಸತ್ಯ. ಕೊಪ್ಪಳದ ಕಟ್ಟೆಯ ಮೇಲೆ ಕೇಳಿದ 'ಖಾಲಿ ಕುಂತಾಗ' ಎಂಬ ಮಾತು ನರಸಾಪುರದಲ್ಲೂ ಹೊಸದಾಗಿರಲಾರದು.

ಗಂಗಾವತಿಯಿಂದ ಆನೆಗೊಂದಿಗೆ ಹೊರಟರೆ ದಾರವೇ ಬದಲಾಗುತ್ತದೆ. ರಸ್ತೆಯ ಒಂದು ಮಗ್ಗುಲಿಗೆ ಭತ್ತದ ಗದ್ದೆ, ಇನ್ನೊಂದು ಮಗ್ಗುಲಿಗೆ ಬಾಳೆ ತೋಟ, ಹಿಂದೆ ಒಂದರ ಮೇಲೊಂದು ಪೇರಿಸಿಟ್ಟ ಬಂಡೆಗಲ್ಲು. ವಿಜಯನಗರದ ಕಾಲದ ಕಾಲುವೆಗಳು ಇಲ್ಲಿ ಇನ್ನೂ ಹರಿಯುತ್ತವೆ. ಬಾಳೆ ಗಿಡ ಗೊನೆ ಬಿಡುವುದು ಒಂದೇ ಸಲ. ಗೊನೆ ಇಳಿಸಿದ ಮೇಲೆ ದಿಂಡು ಕಡಿದು ಬದುವಿಗೆ ಎಸೆಯುವುದೇ ರೂಢಿಯಾಗಿತ್ತು. ಶಮಾ ಪವಾರ್ 1997ರಲ್ಲಿ ಕಟ್ಟಿದ ಕಿಷ್ಕಿಂದಾ ಟ್ರಸ್ಟ್ ಈ ದಿಂಡಿನಿಂದ ಆನೆಗೊಂದಿಯ ಹೆಣ್ಣುಮಕ್ಕಳಿಗೆ ಕೆಲಸ ಹುಟ್ಟಿಸಿತು.

ದಿಂಡಿನ ಪದರಗಳನ್ನು ಬಿಡಿಸಿ ಬಿಸಿಲಿಗೆ ಹಾಕುತ್ತಾರೆ. ಹಸಿರು ಹೋಗಿ ಜೇನಿನ ಬಣ್ಣ ಬರುತ್ತದೆ, ಹೊರಪದರ ಇನ್ನೂ ಕಂದು. ಒಣಗಿದ ಪಟ್ಟಿಯನ್ನು ಸೀಳಿ, ತುಸು ತೇವ ಮಾಡಿ, ಅಂಗೈಯಲ್ಲಿ ಹೊಸೆದು ಹುರಿ ಮಾಡುತ್ತಾರೆ. ಹೊಲದಲ್ಲಿ ಹಗ್ಗ ಹೊಸೆದ ಕೈಗೆ ಇದೇನೂ ಹೊಸದಲ್ಲ. ಆ ಹುರಿಯನ್ನು ಜಡೆ ಹೆಣೆಯಬಹುದು, ಸುರುಳಿ ಸುತ್ತಿ ಹೊಲಿಯಬಹುದು, ಗಂಟು ಹಾಕಬಹುದು, ಕ್ರೋಶಾ ಕೊಕ್ಕೆಗೂ ಕೊಡಬಹುದು. ಉಲನ್ನಿಗೆ ಸಾಕಾದ ಸಣ್ಣ ಸೂಜಿ ಇಲ್ಲಿ ನಡೆಯದು, ಬೆರಳಷ್ಟು ದಪ್ಪದ ಕೊಕ್ಕೆ ಬೇಕು, ರಟ್ಟೆಯ ಬಲವೂ ಬೇಕು. ಚೀಲ, ಟೊಪ್ಪಿಗೆ, ಬುಟ್ಟಿ, ಚಾಪೆ, ಬಿಸಿ ಪಾತ್ರೆ ಇಡುವ ಸಿಂಬಿ ತಯಾರಾಗುತ್ತವೆ. ಮೂಗಿಗೆ ಹಿಡಿದರೆ ಒಣ ಹುಲ್ಲಿನ ವಾಸನೆ.

ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಿಳಿದು ಬಂದವರು, ಹೊಳೆಯಾಚೆಯ ಹಂಪಿಯಿಂದ ದಾಟಿ ಬಂದ ಪ್ರವಾಸಿಗಳು ಇವನ್ನು ಕೊಳ್ಳುತ್ತಾರೆ. ಆದರೆ ಇಲ್ಲಿ ನೋಡಬೇಕಾದ್ದು ಚೀಲದ ಚಂದ ಮಾತ್ರವಲ್ಲ. ಇಲ್ಲಿನ ಹೆಣ್ಣುಮಗಳು ಬುತ್ತಿ ಕಟ್ಟಿಕೊಂಡು ಕೆಲಸಕ್ಕೆಂದೇ ಮನೆ ಬಿಡುತ್ತಾಳೆ, ಓರಗೆಯವರ ಜೊತೆ ಕೂತು ಹೆಣೆಯುತ್ತಾಳೆ, ಹೆಣೆದದ್ದಕ್ಕೆ ದುಡ್ಡು ಎಣಿಸಿಕೊಳ್ಳುತ್ತಾಳೆ. ಕಟ್ಟೆಯ ಮೇಲಾದರೆ 'ಖಾಲಿ ಕುಂತಾಗ' ಎನಿಸಿಕೊಂಡ ಅದೇ ಕೈಚಳಕ ಇಲ್ಲಿ ದುಡಿಮೆ ಎನಿಸಿಕೊಂಡಿದೆ.

ಕುಷ್ಟಗಿಯ ಕಡೆಗೆ ಹೊರಳಿದರೆ ಹಸಿರು ತೆಳುವಾಗುತ್ತದೆ. ಕಲ್ಲು, ಸಜ್ಜೆ, ತೊಗರಿ, ಬಾಯಿ ಬಿಟ್ಟ ಎರೆ. ಗಡಿಯಾಚೆಯ ಇಳಕಲ್ಲಿನ ಸೀರೆ ಮಗ್ಗದ ಸಪ್ಪಳ ದೋಟಿಹಾಳದಂಥ ಊರುಗಳಲ್ಲೂ ಕೇಳುತ್ತದೆ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದರೆ ಮಾತ್ರ ನೇಯ್ಗೆ ಮುಂದುವರಿಯುತ್ತದೆ. ಸಾವಿರಾರು ಎಳೆ, ಅಷ್ಟೇ ಕೊಂಡಿ. ನೇಕಾರರ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಕುಣಿಕೆ ಎಂದರೇನು ಎಂದು ಯೂಟ್ಯೂಬ್ ಹೇಳಿಕೊಡಬೇಕಿಲ್ಲ. ಕಂಡಿಕೆ ಸುತ್ತುವುದು, ಎಳೆ ಜೋಡಿಸುವುದು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಪಾಲು. ಮಜೂರಿ ಮಾತ್ರ ಮಗ್ಗದಲ್ಲಿ ಕೂತವನ ಹೆಸರಿಗೆ ಬರುತ್ತದೆ.

ಇಲ್ಲಿಯ ಮನೆಗಳಲ್ಲಿ ಬೆಚ್ಚಗಿನ ಹೊದಿಕೆ ಎಂದರೆ ಕೌದಿ. ಸವೆದ ಸೀರೆ, ಧೋತರ, ಲಂಗಗಳನ್ನು ಪದರ ಹಾಸಿ, ನಾಲ್ವರು ನಾಲ್ಕು ಕಡೆ ಕೂತು ದಪ್ಪ ದಾರದಲ್ಲಿ ಸಣ್ಣ ಹೊಲಿಗೆ ಓಡಿಸುತ್ತಾರೆ. ಹೊರಸುತ್ತಿನಿಂದ ಹೊರಟ ಹೊಲಿಗೆ ನಡುವಿನಲ್ಲಿ ಬಂದು ಸೇರುತ್ತದೆ. ಈಗ ಕೆಲವು ಕೌದಿಗಳ ಅಂಚಿಗೆ ಕ್ರೋಶಾದ ಝಾಲರಿ ಬಂದಿದೆ. ಅತ್ತೆಯ ಹೊಲಿಗೆ, ಸೊಸೆಯ ಅಂಚು.

ಕುಷ್ಟಗಿಯಿಂದ ಹುಬ್ಬಳ್ಳಿಗೆ ನೇರ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ದಾರಿಯಲ್ಲಿ ಯಲಬುರ್ಗಾ, ಕುಕನೂರು. ಬಸ್ಸಿನ ಕುಲುಕಾಟದಲ್ಲಿ ಬಾರದ ಕೆಲಸ ರೈಲಿನಲ್ಲಿ ಬರುತ್ತದೆ. ಕಿಟಕಿಯ ಪಕ್ಕ ಕೂತವಳು ಉಂಡೆಯನ್ನು ಚೀಲದಲ್ಲೇ ಬಿಟ್ಟು, ದಾರದ ತುದಿ ಮಾತ್ರ ಹೊರಗೆಳೆದು, ಒಂದು ಜೊತೆ ಕಾಲುಚೀಲದಲ್ಲಿ ಅರ್ಧ ಮುಗಿಸಿಬಿಡಬಹುದು.

ಯಲಬುರ್ಗಾದ ಎರೆಹೊಲದಲ್ಲಿ ಚಳಿಯ ಹಬ್ಬ ಎಳ್ಳಮಾಸಿ. ಬೆಳಗಿನ ಮಂಜು ಜೋಳದ ಗರಿಯ ಮೇಲಿಂದ ಇನ್ನೂ ಆರಿರುವುದಿಲ್ಲ, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಕಡುಬಿನ ಬುಟ್ಟಿ ಹೊತ್ತ ಬಂಡಿಗಳು ಚರಗ ಚೆಲ್ಲಲು ಹೊರಡುತ್ತವೆ. ಈಗ ಬಂಡಿಗಿಂತ ಟ್ರ್ಯಾಕ್ಟರೇ ಹೆಚ್ಚು. ಅದರೊಳಗಿನ ಮಕ್ಕಳ ತಲೆಗಳನ್ನು ನೋಡಬೇಕು. ಕಿವಿ ಮುಚ್ಚುವ ಟೊಪ್ಪಿಗೆ, ಗಲ್ಲದ ಕೆಳಗೆ ಕಟ್ಟುವ ದಾರ, ದಾರದ ತುದಿಗೆ ಗೊಂಡೆ. ಹಿಂದೆ ಇದೇ ತಲೆಗಳ ಮೇಲೆ ಖಣದ ಕುಲಾವಿ ಇರುತ್ತಿತ್ತು. ಗೊಂಡೆ ಆ ಕುಲಾವಿಯಿಂದ ಬಂದ ಆಸ್ತಿ. ದಾರ ಬದಲಾದರೂ ಅವ್ವಂದಿರು ಅದನ್ನು ಬಿಟ್ಟುಕೊಟ್ಟಿಲ್ಲ.

ಬಾಣಂತಿ ಕೋಣೆಯಲ್ಲಿ ಮಾತ್ರ ಹಿರಿಯರು ಈ ಹೊಸ ದಾರವನ್ನು ಪೂರ್ತಿ ನಂಬುವುದಿಲ್ಲ. ಕೂಸಿಗೆ ಎರೆದು, ಲೋಬಾನದ ಹೊಗೆ ಹಾಕಿ, ಅಗ್ಗಿಷ್ಟಿಗೆ ದೂರ ಸರಿಸಿದ ಮೇಲೆಯೇ ಟೊಪ್ಪಿಗೆ, ಸ್ವೆಟರ್, ಕಾಲುಚೀಲ. ಅವರು ಹೇಳುವುದು ಸರಿ. ಕುರಿಯ ಉಣ್ಣೆಗೆ ಕಿಡಿ ತಾಗಿದರೆ ಸುಟ್ಟು ಕಪ್ಪಾಗಿ ತಾನೇ ಆರುತ್ತದೆ, ಅಕ್ರಿಲಿಕ್ ಕರಗಿ ಮೈಗೆ ಅಂಟುತ್ತದೆ.

ಪುಷ್ಯ ಮಾಸದಲ್ಲಿ ಈ ನಾಲ್ಕೂ ಕಡೆಯ ದಾರಿ ಕೊಪ್ಪಳದ ಗವಿಮಠಕ್ಕೆ ಬಂದು ಸೇರುತ್ತದೆ. ಗವಿಸಿದ್ಧೇಶ್ವರನ ತೇರಿಗೆ ನೆರೆದ ಲಕ್ಷಗಟ್ಟಲೆ ಜನ, ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಬಂದ ರೊಟ್ಟಿಯ ಗುಡ್ಡೆ, ಮಾದಲಿಯ ಚೀಲ. ರಾತ್ರಿಯಾದರೆ ಬಯಲಿನಲ್ಲಿ ಚಳಿ ಕಚ್ಚುತ್ತದೆ. ಜಾತ್ರೆಯ ಸಾಲಿನಲ್ಲಿ ಗಂಟೆಗೊಂದು ಗುಡ್ಡೆ ಹಾಕುವ ಮಷೀನಿನ ಸ್ವೆಟರುಗಳು ಒಂದು ಕಡೆ, ಒಂದು ಹಗ್ಗಕ್ಕೆ ತೂಗುಹಾಕಿದ ಕೈಹೆಣಿಗೆಯ ಟೊಪ್ಪಿಗೆ, ಮಫ್ಲರ್, ಮೊಬೈಲ್ ಚೀಲ, ಬಾಗಿಲ ತೋರಣ ಇನ್ನೊಂದು ಕಡೆ. ಕೊಳ್ಳುವವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ.

ತೂಗಬಾರದು. ಕಡ್ಡಿಯ ಹೆಣಿಗೆಗೆ ಯಂತ್ರ ಹುಟ್ಟಿ ನಾಲ್ಕು ಶತಮಾನ ಮೀರಿತು, ಇಂಗ್ಲೆಂಡಿನ ವಿಲಿಯಂ ಲೀ ಅದನ್ನು ಮಾಡಿದ್ದು 1589ರಲ್ಲಿ. ಕೊಕ್ಕೆ ಸೂಜಿ ಮಾಡುವುದನ್ನು ಹಾಗೆಯೇ ಮಾಡಿ ಮಾರುಕಟ್ಟೆ ತುಂಬಿಸುವ ಯಂತ್ರ ಮಾತ್ರ ಇವತ್ತಿಗೂ ಇಲ್ಲ. ಅಂಗಡಿಯಲ್ಲಿ ಎಷ್ಟೇ ಅಗ್ಗಕ್ಕೆ ಸಿಕ್ಕ ಕ್ರೋಶಾ ಆದರೂ ಅದರ ಹಿಂದೆ ಯಾವುದೋ ಊರಿನ ಯಾವುದೋ ಹೆಂಗಸಿನ ಬೆರಳು ಇದ್ದೇ ಇದೆ. ಬೆಲೆ ತೀರ ಕಡಿಮೆ ಎಂದರೆ ಯಂತ್ರ ಓಡಿತು ಎಂದಲ್ಲ, ಕೂಲಿ ಇಳಿಯಿತು ಎಂದೇ ಅರ್ಥ. ಕರ್ನಾಟಕದಲ್ಲಿ 2025-26ರ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಟೊಪ್ಪಿಗೆ, ಸ್ವೆಟರ್, ಕಾಲುಚೀಲದ ಒಂದು ಜೊತೆಗೆ ತುಂಡು ಹೊತ್ತೆಲ್ಲ ಕೂಡಿ ಎರಡು ದಿನ ಹಿಡಿಯಿತೆನ್ನಿ. ಮಣ್ಣು ಹೊತ್ತ ಲೆಕ್ಕದಲ್ಲೇ 740 ರೂಪಾಯಿ ಆಯಿತು, ದಾರದ ದುಡ್ಡು ಬೇರೆ.

ಹಗ್ಗದ ಮುಂದೆ ನಿಂತ ಒಬ್ಬರು ಹಳದಿ ಟೊಪ್ಪಿಗೆ ತಿರುವಿ ತಿರುವಿ ನೋಡುತ್ತಾರೆ.

"ಎಷ್ಟಕ್ಕ ಇದು?"

ಆಕೆ ಹೇಳುತ್ತಾಳೆ.

"ಯವ್ವಾ, ಇಷ್ಟ್ಯಾಕಬೇ? ಮನ್ಯಾಗ ಕುಂತು ಹೆಣದದ್ದಲ್ಲೇನು? ಖರ್ಚರ ಏನೈತಿ?"

"ದಾರದ ಖರ್ಚ ಲೂಧಿಯಾನದಾವ್ರಿಗೆ ಕೊಟ್ಟೀನ್ರೀ ಅಣ್ಣಾರ. ಕೈಯಿಗೆ ಕೊಡೂದು ಬಾಕಿ ಐತಿ, ಅದನ್ನ ನೀವು ಕೊಡ್ರಿ."

ಅವರು ನಕ್ಕು ಕಿಸೆಗೆ ಕೈ ಹಾಕುತ್ತಾರೆ. ಆಕೆ ಹತ್ತು ರೂಪಾಯಿ ಕೂಡ ಇಳಿಸುವುದಿಲ್ಲ.