ಲ್ಯಾಪ್‌ಟಾಪ್ ಕೊಳ್ಳೋ ಮುಂಚೆ ಕೇಳಿ: ಇದನ್ನ ಬಿಚ್ಚಬಹುದಾ?

ನನ್ನ ಡೆಸ್ಕ್‌ಟಾಪ್ 10 ವರ್ಷ ಓಡಿದ್ದು ಬಿಡಿಬಿಡಿಯಾಗಿ ರಿಪೇರಿಯಾಗುತ್ತಾ. ರ‍್ಯಾಮ್ ಸಾಲದಾದಾಗ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಇನ್ನೊಂದು 4 ಜಿಬಿ ಹಾಕಿಸಿದೆ. ಎಸ್ಎಂಪಿಎಸ್ ಸುಟ್ಟಾಗ ಅದೊಂದನ್ನೇ ಬದಲಿಸಿದೆ. ಪಿ.ಜಿ.ಯಿಂದ ಪಿ.ಜಿ.ಗೆ ಮಾನಿಟರ್ ಹೊತ್ತು ಸಾಕಾಗಿ ಈಗ ಲ್ಯಾಪ್‌ಟಾಪ್ ಹುಡುಕಲು ಹೊರಟೆ.

ಅಂಗಡಿಯವರು ಪ್ರೊಸೆಸರ್ ಬಗ್ಗೆಯೇ ಮಾತಾಡ್ತಾರೆ. ನೀವು ಕೇಳಬೇಕಾದ್ದು ಬೇರೆ: ರ‍್ಯಾಮ್ ಸ್ಲಾಟಿನಲ್ಲಿದೆಯಾ, ಬೋರ್ಡಿಗೇ ಬೆಸುಗೆ ಹಾಕಿದ್ದಾರಾ? ವಿವರಗಳಲ್ಲಿ ‘ಎಲ್‌ಪಿಡಿಡಿಆರ್5’ ಅಂತಿದ್ದರೆ ಬಹುತೇಕ ಬೆಸುಗೆಯೇ. 8 ಜಿಬಿ ಕೊಂಡರೆ ಕೊನೆತನಕ 8 ಜಿಬಿ. ಅದು ಕೆಟ್ಟರೆ ಸಾಮಾನ್ಯವಾಗಿ ಮದರ್‌ಬೋರ್ಡನ್ನೇ ಬದಲಿಸೋದು. ಇಂಥವು ತೆಳ್ಳಗಿರುತ್ತವೆ, ಕರೆಂಟೂ ಕಡಿಮೆ ತಿನ್ನುತ್ತವೆ, ಒಪ್ಪೋಣ. ಆದರೆ ಒಂದೇ ಸಲ 16 ಜಿಬಿಗೆ ದುಡ್ಡು ಹೊಂದಿಸಲಾಗದ ವಿದ್ಯಾರ್ಥಿಗೆ ಇದು ದುಬಾರಿ ಸೊಗಸು.

ಫ್ರಾನ್ಸ್‌ನಲ್ಲಿ 2021ರಿಂದ ಲ್ಯಾಪ್‌ಟಾಪಿನ ಬೆಲೆ ಜೊತೆ ರಿಪೇರಿ ಎಷ್ಟು ಸುಲಭ ಅನ್ನೋದಕ್ಕೂ 10ಕ್ಕೆ ಇಷ್ಟು ಅಂತ ಅಂಕ ತೋರಿಸಲೇಬೇಕು. ನಮ್ಮ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿದ್ದು 2022ರಲ್ಲಿ. ನಾನು ತಿರುಗಿಸಿ ನೋಡಿದ ಯಾವ ಡಬ್ಬದ ಮೇಲೂ ಅಂಥ ಅಂಕ ಇರಲಿಲ್ಲ.

ಕೊನೆಗೆ ತಗೊಂಡಿದ್ದು ಸ್ವಲ್ಪ ದಪ್ಪಗಿನದೇ. ಎರಡು ಸ್ಲಾಟ್, ಒಂದು ಖಾಲಿ. ಕೈಯಲ್ಲಿ ದುಡ್ಡಾದಾಗ ಮತ್ತೆ ಎಸ್.ಪಿ. ರೋಡಿಗೆ ಹೋಗ್ತೀನಿ.