ಹಳಗನ್ನಡದ ಜೊತೆ ಫ್ರೆಂಚ್ ಯಾಕೆ ಅಂತೀರಾ?

ಕಡೂರಿನ ದೊಡ್ಡಮ್ಮನಿಂದ ಹಿಡಿದು ಅಜ್ಜಂಪುರದ ಸೋದರತ್ತೆಯವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: "ಓದ್ತಿರೋದು ಎಂ.ಎ. ಕನ್ನಡ, ಮತ್ತೆ ಫ್ರೆಂಚ್ ಯಾಕೆ ಪುಟ್ಟಾ?"

ನಾನು ತರೀಕೆರೆಯವಳು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ. ಪದವಿಯಲ್ಲಿ ಸಂಸ್ಕೃತವೂ ಇತ್ತು. ರಾತ್ರಿ ಎಂಟಕ್ಕೆ ಆನ್‌ಲೈನ್ ಫ್ರೆಂಚ್ ಕ್ಲಾಸ್, ಅದರ ಫೀಸು ಮಕ್ಕಳಿಗೆ ಟ್ಯೂಷನ್ ಹೇಳಿ ದುಡಿದದ್ದು. ಎಂ.ಎ. ಮುಗಿದ ಮೇಲೆ ಅಪ್ಪ ಕೊಟ್ಟಿರೋ ಗಡುವು ಎರಡು ವರ್ಷ. ಅಷ್ಟರಲ್ಲಿ ನನ್ನ ಕಾಲ ಮೇಲೆ ನಾನು ನಿಲ್ಲಬೇಕು. ಹಾಗಾಗಿ ದೊಡ್ಡಮ್ಮನ ಪ್ರಶ್ನೆಗೆ ಉತ್ತರ ನನಗೂ ಬೇಕು.

ಊರ ಕಲ್ಲು, ಪ್ಯಾರಿಸ್ಸಿನ ಪುಸ್ತಕ

ನಮ್ಮೂರ ಹತ್ತಿರದ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಅಲ್ಲಿನ ಶಾಸನವನ್ನು ರಚಿಸಿದವನು 'ಯಶೋಧರ ಚರಿತೆ'ಯ ಜನ್ನ. ನಮ್ಮ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1901ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕ'ದ 6ನೇ ಸಂಪುಟದಲ್ಲಿ ಪ್ರಕಟಿಸಿದರು. ಅದನ್ನು ಓದೋಕೆ ಕನ್ನಡ, ಇಂಗ್ಲಿಷ್ ಸಾಕು.

ಆದರೆ ಹಾವೇರಿಯ ವಸುಂಧರಾ ಫಿಲಿಯೋಜಾ ಪ್ಯಾರಿಸ್ಸಿಗೆ ಹೋಗಿ ವಿಜಯನಗರದ ಆರಂಭಕಾಲದ ಶಾಸನಗಳ ಮೇಲೆ ಸಂಶೋಧನೆ ಮಾಡಿದರು. 1973ರಲ್ಲಿ ಬಂದ ಅವರ ಪುಸ್ತಕ ಇರೋದು ಫ್ರೆಂಚಿನಲ್ಲಿ. ಅವರ ಪತಿ ಪಿಯರ್ ಸಿಲ್ವೇನ್ ಫಿಲಿಯೋಜಾ ಸಂಸ್ಕೃತ ವಿದ್ವಾಂಸರು, 2024ರಲ್ಲಿ ಪದ್ಮಶ್ರೀ ಪಡೆದವರು. ಪ್ಯಾರಿಸ್ಸಿನಲ್ಲಿ ಸಂಸ್ಕೃತ ಪೀಠ ಶುರುವಾಗಿದ್ದೇ 1814ರಲ್ಲಿ. ಕನ್ನಡದವರೇ ಕನ್ನಡನಾಡಿನ ಶಾಸನಗಳ ಬಗ್ಗೆ ಬರೆದದ್ದನ್ನು ಕನ್ನಡ ಎಂ.ಎ. ವಿದ್ಯಾರ್ಥಿನಿ ಓದಲಾರಳು ಅನ್ನೋದು ನನ್ನನ್ನು ಚುಚ್ಚಿತು. ಫ್ರೆಂಚ್ ಕ್ಲಾಸಿಗೆ ಸೇರಿದ್ದು ಅದೇ ತಿಂಗಳು.

ಗೊತ್ತಿದ್ದದ್ದೇ ನೆರವಾಯ್ತು

ಫ್ರೆಂಚಿನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಕ್ಲಾಸಿನಲ್ಲಿ ಎಲ್ಲರೂ ತಲೆ ಚಚ್ಚಿಕೊಂಡರು. ನನಗೆ ಸಂಸ್ಕೃತ ನೆನಪಾಯ್ತು: ಹೆಂಡತಿ ಅನ್ನೋ ಅರ್ಥಕ್ಕೆ ಅಲ್ಲಿ 'ದಾರ' ಪುಲ್ಲಿಂಗ, 'ಭಾರ್ಯಾ' ಸ್ತ್ರೀಲಿಂಗ, 'ಕಲತ್ರ' ನಪುಂಸಕಲಿಂಗ! ಅದನ್ನು ದಾಟಿ ಬಂದವಳಿಗೆ ಮೇಜು ಯಾವ ಲೆಕ್ಕ?

'ಲೇ' ಮತ್ತು 'ಅಮಿ' ಸೇರಿದರೆ 'ಲೇಝಾಮಿ', ಅಂದರೆ ಗೆಳೆಯರು. 'ಮನೆ' ಮತ್ತು 'ಅನ್ನು' ಸೇರುವಾಗ ನಡುವೆ ಯಕಾರ ಬಂದು 'ಮನೆಯನ್ನು' ಆದ ಹಾಗೆ ಕೇಳಿಸುತ್ತೆ. ನಿಯಮ ಬೇರೆ, ಆದರೆ ಕಿವಿ ಬೇಗ ಹೊಂದಿಕೊಳ್ಳುತ್ತೆ. 'ನೀನು' 'ನೀವು' ವ್ಯತ್ಯಾಸ ಇಂಗ್ಲಿಷಿನಲ್ಲಿಲ್ಲ, ಫ್ರೆಂಚಿನಲ್ಲಿ ಇದೆ: 'ತ್ಯು', 'ವೂ'. ದೊಡ್ಡವರಿಗೆ ಯಾವುದು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹೊಟ್ಟೆಪಾಡಿನ ಮಾತು

ಫ್ರೆಂಚ್ ಪರೀಕ್ಷೆಗಳ ಹಂತ ಎ1ರಿಂದ ಸಿ2ವರೆಗೆ. ಎ1, ಎ2 ಕೆಲಸ ಕೊಡಿಸಲ್ಲ. ಅನುವಾದಕ್ಕೋ ಗ್ರಾಹಕ ಸೇವೆಗೋ ಸಾಮಾನ್ಯವಾಗಿ ಕೇಳೋದು ಬಿ2. ನಾನಿನ್ನೂ ಬಿ1ರಲ್ಲಿದ್ದೇನೆ. ಪರೀಕ್ಷೆಗೆ ಕಡೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕು. ಬಿ2 ಆದರೆ ಫ್ರೆಂಚ್ ಸಂಬಳ ತರುತ್ತೆ, ಆ ಸಂಬಳದಲ್ಲಿ ಹಳಗನ್ನಡದ ಸಂಶೋಧನೆ ನಡೆಯುತ್ತೆ. ನನ್ನ ಲೆಕ್ಕ ಇಷ್ಟೇ. ಎರಡು ವರ್ಷದಲ್ಲಿ ಆಗದಿದ್ದರೆ ಬಿ.ಎಡ್. ಇದ್ದೇ ಇದೆ.

ಕೆಲಸದ ಜೊತೆ ಭಾಷೆ ಕಲಿಯೋ ಆಸೆ ನಿಮಗಿದೆಯಾ? ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ತಪ್ಪಿಸಬೇಡಿ. ಶಾಲೆಯಲ್ಲಿ ಓದಿದ ಸಂಧಿ, ವಿಭಕ್ತಿಯ ಪುಸ್ತಕ ಮನೆಯಲ್ಲಿದ್ದರೆ ಧೂಳು ಕೊಡವಿ ಹತ್ತಿರ ಇಟ್ಟುಕೊಳ್ಳಿ. ಹೊಸ ಭಾಷೆಗೂ ಅದು ಬೇಕಾಗುತ್ತೆ.